ಎಂಟು ಬಾವಿ, ಒಂದೇ ಬೆಳಗ್ಗೆ

"ನಮ್ಮ ಯಜಮಾನರು ಸುಳ್ಳು ಬರೆಯೋರಲ್ಲ ಸಾರ್," ಅಂದರು ಬಾಗಿಲಲ್ಲಿ ನಿಂತಿದ್ದ ಹೆಂಗಸು. ಹೊಲಿಗೆಯವರು, ಅಳತೆಪಟ್ಟಿ ಇನ್ನೂ ಕುತ್ತಿಗೆಯಲ್ಲೇ ಇತ್ತು.

ಭಾವ ಕುರ್ಚಿ ತೋರಿಸಿದರು. ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿದವರು, ನಿವೃತ್ತರಾದ ಮೇಲೆ ಊರಿನವರ ತಪ್ಪು ಹುಡುಕುವ ಚಟ ಹತ್ತಿಸಿಕೊಂಡಿದ್ದರು. ನಾನು ಅವರ ಹೆಂಡತಿಯ ತಮ್ಮ, ಗಡಿಯಾರ ರಿಪೇರಿಯವನು. ಅವರ ಬಾಲ ಹಿಡಿದು ಅಲೆದು ನನ್ನ ಅಂಗಡಿಗೆ ಬೀಗ ಬಿದ್ದ ದಿನಗಳೇ ಹೆಚ್ಚು.

ಆಕೆಯ ಗಂಡ ಅಂತರ್ಜಲ ಇಲಾಖೆಯಲ್ಲಿ ಬಾವಿ ಪರೀಕ್ಷಿಸುವ ನೌಕರ. ಆರು ವರ್ಷದ ಹಿಂದೆ, ಗುಡ್ಡದಲ್ಲಿ ಕಾರ್ಖಾನೆಯ ಕೊಳಕು ಹೂಳುವ ಮೊದಲು ಎಂಟು ಕೊಳವೆಬಾವಿ ಪರೀಕ್ಷಿಸಿದ್ದ. ಬಂಡೆ ಬಿಗಿಯಾಗಿದೆ, ನೀರು ನುಸುಳುವುದಿಲ್ಲ ಎಂದಿತ್ತು ವರದಿ. ಈಗ ಕೆಳಗಿನ ಬೀದಿಗಳ ನೀರು ವಿಷವಾಗಿ ಒಂಬತ್ತು ಜನ ಸತ್ತಿದ್ದರು. ಅವನೂ ಎರಡು ವರ್ಷದ ಹಿಂದೆ ತೀರಿಕೊಂಡಿದ್ದ. ಲಂಚ ತಿಂದು ಅಂಕಿ ತಿರುಚಿದನೆಂದು ತನಿಖೆಯವರು ಬರೆಯಲಿದ್ದರು.

"ಶಾಲೇಲಿ ಮಗಳನ್ನ ವಿಷದವನ ಮಗಳು ಅಂತಾರೆ. ಅವರ ಹೆಸರೊಂದು ತೆಗೆಸಿಕೊಡಿ."

ಆಕೆ ತಮ್ಮ ವಿಳಾಸ ಬರೆದುಕೊಟ್ಟದ್ದು ಗಿರಾಕಿಗಳ ಅಳತೆ ಪುಸ್ತಕದಿಂದ ಹರಿದ ಹಾಳೆಯಲ್ಲಿ. ಹಿಂಬದಿಯಲ್ಲಿ ಯಾರದೋ ತೋಳು 9", ಎದೆ 36". ಭಾವ ಅದನ್ನು ಜೇಬಿಗಿಳಿಸಿದರು.

ಇಲಾಖೆಯ ಕಚೇರಿಗೆ ಹೋದಾಗ ಅಲ್ಲಿನ ಮುಖ್ಯಸ್ಥ ವರದಿ ತೋರಿಸಿದ. ಮುತ್ತು ಪೋಣಿಸಿದಂಥ ಅಕ್ಷರ. ಎಲ್ಲ ಬಾವಿಗೂ ನಲವತ್ತು ನಿಮಿಷದ ಆಸುಪಾಸು.

"ಬಾವಿಗೆ ಕಬ್ಬಿಣದ ದಿಂಡು ಇಳಿಸ್ತೀವಿ, ನೀರು ಮೇಲೇರುತ್ತೆ," ಅಂದ. "ಅದು ಮೊದಲಿನ ಮಟ್ಟಕ್ಕೆ ಇಳಿಯೋಕೆ ಎಷ್ಟು ಹೊತ್ತು ಅಂತ ನೋಡ್ತೀವಿ. ಬಂಡೇಲಿ ಬಿರುಕಿದ್ರೆ ಬೇಗ, ಬಿಗಿ ಇದ್ರೆ ನಿಧಾನ. ಒಂದೊಂದು ಬಾವೀಲೂ ಮೂರು ಸಲ."

"ಅಕ್ಷರ ಚೆನ್ನಾಗಿದೆ."

"ಅದು ಶುದ್ಧ ಪ್ರತಿ, ಮನೇಲಿ ಬರೆದದ್ದು. ಅವನ ಸಹಿ ನೋಡಿ, ಕಾಗೆಕಾಲು ಗುಬ್ಬಿಕಾಲು."

ಭಾವ ಗುಡ್ಡದ ಗೇಟಿನ ಬೀಗದಕೈ ದಾಖಲೆಯನ್ನೂ ಕೇಳಿ ನೋಡಿದರು. ಮುಖ್ಯಸ್ಥನೇ ಕಳ್ಳ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ.

ಮರುದಿನ ಗುಡ್ಡದಲ್ಲಿ ದಿಂಡು ಇಳಿಸಿದರು. ಗಡಿಯಾರ ಹಿಡಿದವನು ನಾನು. ನೀರು ಮೊದಲಿನ ಮಟ್ಟಕ್ಕೆ ಇಳಿಯಲು ನಲವತ್ತೇ ಸೆಕೆಂಡು.

"ಈಗ ಆ ಕೊಳಕಿನ ಗುಂಡಿ ಮುಚ್ಚಬಹುದಲ್ಲ?" ಅಂದೆ.

"ಮುಚ್ಚಬಹುದು. ಬಂಡೆಗೆ ಇಳಿದದ್ದನ್ನ ವಾಪಸ್ ತೆಗೆಯೋಕಾಗಲ್ಲ," ಅಂದ ಮುಖ್ಯಸ್ಥ.

ಸಂಜೆ ಹೊಲಿಗೆಯ ಕೋಣೆಯಲ್ಲಿ ಸೇರಿದೆವು: ಆಕೆ, ಮುಖ್ಯಸ್ಥ, ತನಿಖಾಧಿಕಾರಿ, ನಾವಿಬ್ಬರು. ಗಂಡನ ಹಳೆಯ ಚೀಲವನ್ನು ಆಕೆಯೇ ಅಟ್ಟದಿಂದ ಇಳಿಸಿಕೊಟ್ಟರು.

"ಪರೀಕ್ಷೆ ದಿನ ಇವರ ಯಜಮಾನರು ಬೆಳಗ್ಗೆ ಎಂಟಕ್ಕೆ ಗೇಟಿನ ಬೀಗದಕೈ ತಗೊಂಡು ಹನ್ನೆರಡೂಮುಕ್ಕಾಲಿಗೆ ವಾಪಸ್ ಕೊಟ್ಟಿದಾರೆ," ಭಾವ ಶುರುಮಾಡಿದರು. "ನಲವತ್ತು ನಿಮಿಷದ ಪರೀಕ್ಷೆ ಇಪ್ಪತ್ನಾಲ್ಕು ಸಲ ಅಂದ್ರೆ ಹದಿನಾರು ಗಂಟೆ. ಸುಳ್ಳು ಬರೆಯೋ ಮನುಷ್ಯ ಬೀಗದಕೈನೂ ತಡವಾಗಿ ಕೊಡ್ತಿದ್ದ. ಬಾವಿ ಹತ್ರ ಅವರು ಸರಿಯಾಗೇ ಬರೆದಿದಾರೆ."

ಚೀಲದಿಂದ ಮಣ್ಣು ಮೆತ್ತಿದ ಟಿಪ್ಪಣಿ ಪುಸ್ತಕ ತೆಗೆದು ಬಿಡಿಸಿದರು. 'ಹೊತ್ತು' ಎಂಬ ಸಾಲಿನ ಕೆಳಗೆ 40".

"ಎರಡು ಗೆರೆ ಅಂದ್ರೆ ಸೆಕೆಂಡು," ಅಂದರು.

"ಹಾಗಾದ್ರೆ ನಿಮಿಷ ಮಾಡಿದ್ಯಾರು?" ಅಧಿಕಾರಿ ಮುಖ್ಯಸ್ಥನ ಕಡೆ ತಿರುಗಿದ.

ಆಕೆ ವಿಳಾಸ ಬರೆದುಕೊಟ್ಟಿದ್ದ ಹಾಳೆಯನ್ನು ಭಾವ ಜೇಬಿನಿಂದ ತೆಗೆದು, ಮುಖ್ಯಸ್ಥ ತಂದಿದ್ದ ಶುದ್ಧ ಪ್ರತಿಯ ಪಕ್ಕ ಇಟ್ಟರು. ಎರಡರಲ್ಲೂ ಒಂದೇ ಕೈಬರಹ. ಪುಸ್ತಕವನ್ನೂ ಸೇರಿಸಿ ಎಲ್ಲವನ್ನೂ ಆಕೆಯ ಕಡೆ ಸರಿಸಿದರು.

ಆಕೆ ಪುಸ್ತಕದ ಎರಡು ಗೆರೆಯ ಮೇಲೆ ಬೆರಳಿಟ್ಟರು.

"ಅವತ್ತು ಅವರಿಗೆ ಜ್ವರ," ಅಂದರು. "ಶುದ್ಧ ಪ್ರತಿ ನಾನೇ ಬರೆದೆ. ನಮ್ಮ ಹೊಲಿಗೇಲಿ ಎರಡು ಗೆರೆ ಅಂದ್ರೆ ಇಂಚು. ಹೊತ್ತು ಬರೆಯೋ ಕಡೆ ಇಂಚು ಯಾಕೆ ಬಂತು, ಜ್ವರದಲ್ಲಿ ತಪ್ಪಿದಾರೆ ಅಂತ ನಿಮಿಷ ಮಾಡಿದೆ. ಅವರು ನೋಡದೇ ಸಹಿ ಹಾಕಿದ್ರು."

ಆಕೆ ನಮ್ಮ ಮನೆ ಬಾಗಿಲು ತಟ್ಟದೇ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನನ್ನ ಹೆಸರು ಬರ್ಕೊಳ್ಳಿ. ಅವರದ್ದು ತೆಗೀರಿ."

"ಆಗಲ್ಲಮ್ಮ. ನೀವು ಇಲಾಖೆಯವರಲ್ಲ," ಅಂದ ಅಧಿಕಾರಿ. ದನಿ ಮೆತ್ತಗಿತ್ತು. "ಸಹಿ ಯಾರದ್ದೋ ಹೊಣೆ ಅವರದ್ದೇ. ಲಂಚ ಅನ್ನೋ ಮಾತು ತೆಗೀತೀನಿ. ಹೆಸರು ಇರುತ್ತೆ."

ಅಷ್ಟರಲ್ಲಿ ಮಗಳು ಶಾಲೆಯಿಂದ ಬಂದಳು. ನಮ್ಮನ್ನೆಲ್ಲ ನೋಡಿ, ಅಪ್ಪನ ವಿಷಯಕ್ಕೇ ಬಂದಿದ್ದೇವೆಂದು ಅವಳಿಗೆ ಗೊತ್ತಾಯಿತು.

"ತಪ್ಪು ಬರೆದದ್ದು ಅಪ್ಪ ಅಲ್ಲ ತಾನೆ?"

"ಅಲ್ಲ ಕಣೆ," ಅಂದರು ತಾಯಿ.

"ಮತ್ತೆ ಯಾರು?"

ಭಾವ ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದರು. ನಾನೂ ಹಿಂದೆಯೇ ಹೊರಟೆ. ತಿರುವಿನವರೆಗೂ ಆ ಹುಡುಗಿ ಅದನ್ನೇ ಕೇಳುತ್ತಿರುವುದು ಕೇಳಿಸುತ್ತಿತ್ತು.