ಮೂರನೇ ಸಿಲಿಂಡರಿನ ಕೊಲೆ

ಎರಡೂವರೆ ಟನ್ ಜಲ್ಲಿ ತುಂಬಿದ ಪಿಕಪ್. ಹದಿನೆಂಟು ಹೇರ್‌ಪಿನ್ ತಿರುವು. ಬ್ರೇಕ್ ಇಲ್ಲ. ಸ್ಟೀರಿಂಗ್ ಮೇಲೆ ನನ್ನ ಒಂದೇ ಕೈ.

ಅದೂ ಕಣ್ಣು ಮುಚ್ಚಿಕೊಂಡು!

ನಗಬೇಡಿ ಸ್ವಾಮಿ. ಕಣ್ಣು ತೆರೆದರೆ ಕಿವಿ ಮಂಕಾಗುತ್ತದೆ. ಎಂಜಿನ್ನಿನ ಒಳಗಿನ ಪಿಸುಮಾತು ನನಗೆ ಕೇಳಬೇಕಿತ್ತು. ನಾಲ್ಕು ಸಿಲಿಂಡರುಗಳಲ್ಲಿ ಯಾವುದು ಸಾಯುತ್ತಿದೆ ಅಂತ ನಾನು ಎರಡು ಬೀದಿ ಆಚೆ ಗೊರಕೆ ಹೊಡೆಯುತ್ತಿದ್ದರೂ ಹೇಳಬಲ್ಲೆ. ಗುಡ್ಡ ಹತ್ತುವಾಗ ಬ್ರೇಕ್ ಯಾಕೆ ಬೇಕು ಅಂತೀರಾ? ಅದನ್ನೂ ಕೇಳುವವರು ನೀವೊಬ್ಬರೇ.

ಪಕ್ಕದಲ್ಲಿ ಹೋರಿ ಕೂತಿದ್ದ. ಪಿಕಪ್ಪಿನ ಮಾಲೀಕ. ತಲೆ ನೇರವಾಗಿ ಹೆಗಲ ಮೇಲೆ ಇಳಿದುಬಿಟ್ಟಿತ್ತು. ನಡುವೆ ಕುತ್ತಿಗೆ ಅಂತ ಒಂದು ಇರಬೇಕು ಅನ್ನುವುದು ಅವನನ್ನು ಮಾಡಿದವರಿಗೆ ಹೊಳೆದಿರಲಿಲ್ಲ. ತೊಡೆಯ ಮೇಲೆ ಮೊಳದುದ್ದದ ಸ್ಪ್ಯಾನರ್.

"ತುದಿ ಮುಟ್ಟೋದ್ರೊಳಗೆ ತಪ್ಪು ಯಾರ್ದು ಅಂತ ಹೇಳ್ಬೇಕು," ಅಂದ.

"ಹೇಳ್ದೆ ಇದ್ರೆ?"

"ನಿನ್ ಭಾವ ಎಡಗೈಲಿ ಬೋಲ್ಟ್ ಬಿಚ್ಚೋದು ಕಲೀಬೇಕಾಗುತ್ತೆ. ಬಲಗೈ ಇರಲ್ಲ."

ತಮಾಷೆ ಮಾಡುವಷ್ಟು ಬುದ್ಧಿ ಆ ತಲೆಗೆ ಇರಲಿಲ್ಲ. ಹಾಗಾಗಿ ಅವನು ಹೇಳಿದ್ದು ನಿಜವೇ ಇರಬೇಕು!

ಅವತ್ತು ಬೆಳಗ್ಗೆ ಅಕ್ಕ ಫೋನ್ ಮಾಡಿದಾಗ ನಾನು ಇನ್ನೂ ಹಲ್ಲುಜ್ಜಿರಲಿಲ್ಲ.

"ಬಾರೋ ಬೇಗ. ನಿಮ್ ಭಾವನ್ನ ಹಿಡ್ಕೊಂಡು ಕೂತಿದಾನೆ ಅವ್ನು."

"ಯಾರು?"

"ಹೋರಿ! ಹೆಡ್ ಗ್ಯಾಸ್ಕೆಟ್ ಹೋಗಿದೆಯಂತೆ. ಹಾಕಿದ್ದು ಇವ್ರೇ, ಕೆಡಿಸಿದ್ದೂ ಇವ್ರೇ ಅಂತ ಕೂಗಾಡ್ತಿದಾನೆ. ಬರೀ ಬಾಯಿ ತಗೊಂಡು ಬರ್ಬೇಡ, ಪ್ರೆಶರ್ ಗೇಜೂ ತಗೊಂಡು ಬಾ."

ನನ್ನ ಕಸುಬು ನಿಮಗೆ ಗೊತ್ತಲ್ಲ. ಎಂಜಿನ್ ಸತ್ತರೆ, ಕೊಂದವರು ಯಾರು ಅಂತ ಹೇಳುವವನು ನಾನು. ನನ್ನ ಸ್ಕೂಟರ್ ಶಬ್ದ ಕೇಳಿದರೆ ಗ್ಯಾರೇಜುಗಳು ತಾವಾಗಿಯೇ ಷಟರ್ ಎಳೆದುಕೊಳ್ಳುತ್ತವೆ.

ಭಾವ ಮಾತ್ರ ಬೇರೆಯೇ ಜಾತಿಯ ಪ್ರಾಣಿ. ಇರುವೆ ಅಡ್ಡ ಬಂದರೆ ಗಾಡಿ ನಿಲ್ಲಿಸಿ, ಅದು ದಾಟುವವರೆಗೆ ಕಾಯುವ ಮನುಷ್ಯ. ನಾನು ಹೋದಾಗ ತಮ್ಮ ಗ್ಯಾರೇಜಿನಲ್ಲಿ ಟೈರಿನ ಮೇಲೆ ಕೂತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಮೂವತ್ತು ವರ್ಷ ಅನ್ನ ಹಾಕಿದ ಕೈ. ಬೆರಳ ಸಂದಿಯಲ್ಲಿ ಗ್ರೀಸು.

"ಆರ್ ತಿಂಗ್ಳಾಯ್ತು ಗ್ಯಾಸ್ಕೆಟ್ ಹಾಕಿ," ಅಂದರು ಮೆಲ್ಲಗೆ. "ಸರಿಯಾಗೇ ಹಾಕಿದೀನಿ."

"ಹಾಗಾದ್ರೆ ನೀರು ಎಲ್ಲಿಗೋಯ್ತು?" ಹೋರಿ ಗುಡುಗಿದ. "ಎರಡ್ ವಾರದಿಂದ ದಿನಾ ಎರಡ್ ಲೀಟರ್ ಕುಡೀತಿದೆ! ಕೆಳಗಡೆ ಒಂದ್ ಹನಿ ಬೀಳಲ್ಲ!"

"ನನ್ ಸಾಫ್ಟ್‌ವೇರ್ ಏನೂ ಮಾಡಿಲ್ಲ ಸಾರ್," ಅಂತ ಮೂಲೆಯಿಂದ ಇನ್ನೊಂದು ದನಿ. ಅದು ಲ್ಯಾಪ್‌ಟಾಪ್ ಅಂತ ನಾವು ಕರೆಯುವ ಹುಡುಗ. ತಿಂಗಳ ಹಿಂದೆ ಈ ಪಿಕಪ್ಪನ್ನು 'ಟ್ಯೂನ್' ಮಾಡಿದವನು. ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ ಏರಿಸಿ, ಡೀಸೆಲ್ ಏರಿಸಿ, ಕತ್ತೆಯನ್ನು ಕುದುರೆ ಮಾಡುತ್ತೇನೆ ಅಂತ ಬೋರ್ಡು ಹಾಕಿಕೊಂಡಿದ್ದ. ಒಳಗಿದ್ದೂ ಕಪ್ಪು ಕನ್ನಡಕ. ಉಗುರಿನಲ್ಲಿ ಗ್ರೀಸಿಲ್ಲ. ಇಂಥವರನ್ನು ಮೆಕ್ಯಾನಿಕ್ ಅನ್ನುವುದಾದರೆ ಫೋನ್ ಹಿಡಿದವರೆಲ್ಲ ಡಾಕ್ಟರುಗಳು!

ಬಾನೆಟ್ ಎತ್ತಿದೆ. ಆಯಿಲ್ ಕಡ್ಡಿ ಎಳೆದೆ. ಕಪ್ಪಗಿತ್ತು, ನೀರು ಸೇರಿ ಹಾಲಿನಂತೆ ಬೆಳ್ಳಗಾಗಿರಲಿಲ್ಲ. ನೀರಿನ ಡಬ್ಬಿಯ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿಸಿದೆ. ಗುಳ್ಳೆ ಇಲ್ಲ. ರೇಡಿಯೇಟರಿನ ಪೈಪು ಮೆತ್ತಗಿತ್ತು. ಬಿಳಿ ಹೊಗೆಯೂ ಇಲ್ಲ.

ಲ್ಯಾಪ್‌ಟಾಪ್ ಹಲ್ಲು ಬಿಟ್ಟ. "ನೋಡಿ! ಗ್ಯಾಸ್ಕೆಟ್ ಚೆನ್ನಾಗೇ ಇದೆ. ಎಲ್ಲೋ ಪೈಪ್ ಲೀಕು."

"ನಿಂತಲ್ಲೇ ಟೆಸ್ಟ್ ಮಾಡಿದ್ರೆ ಎಲ್ಲಾ ಗಾಡಿನೂ ಸಾಧುನೇ ಕಣೋ," ಅಂದೆ. "ಭಾರ ಹೊತ್ಕೊಂಡು ಏರು ಹತ್ತುವಾಗ ನೋಡ್ಬೇಕು ಅದರ ಬಣ್ಣ."

ವಿಷಯ ಇಷ್ಟೇ ಸ್ವಾಮಿ. ಎಂಜಿನ್ನಿನ ಮೈ ಕೆಳಗೆ, ಹೆಡ್ ಮೇಲೆ. ನಡುವೆ ಗ್ಯಾಸ್ಕೆಟ್ ಅನ್ನುವ ತೆಳು ತಗಡು. ಬೆಂಕಿ ಒಂದು ಕಡೆ, ನೀರು ಇನ್ನೊಂದು ಕಡೆ, ಎರಡೂ ಸೇರದಂತೆ ಅದು ಕಾವಲು. ಟ್ಯೂನ್ ಮಾಡಿದ ಡೀಸೆಲ್ ಎಂಜಿನ್ನಿನಲ್ಲಿ ಸುಮ್ಮನೆ ನಿಂತಾಗ ಒತ್ತಡ ಇರುವುದಿಲ್ಲ. ಏರಿನಲ್ಲಿ ತುಳಿದಾಗ ಮಾತ್ರ ಒಳಗಿನ ಒತ್ತಡ ಹೆಡ್ಡನ್ನೇ ಕೂದಲೆಳೆಯಷ್ಟು ಮೇಲೆತ್ತುತ್ತದೆ. ಬೆಂಕಿಯ ಗಾಳಿ ನೀರಿಗೆ ನುಗ್ಗುತ್ತದೆ. ಗ್ಯಾರೇಜಿನ ನೆರಳಿನಲ್ಲಿ ನಿಂತು ನೋಡುವ ಮಹಾಶಯರಿಗೆ ಇದು ಏಳು ಜನ್ಮಕ್ಕೂ ಕಾಣುವುದಿಲ್ಲ.

ನೀರಿನ ಡಬ್ಬಿಯ ಮುಚ್ಚಳದ ಜಾಗಕ್ಕೆ ಗೇಜಿನ ಅಡಾಪ್ಟರ್ ಬಿಗಿದೆ. ಉದ್ದನೆಯ ಪೈಪನ್ನು ಬಾನೆಟ್ ಸಂದಿಯಿಂದ ಎಳೆದು, ಗೇಜನ್ನು ವಿಂಡ್‌ಶೀಲ್ಡಿಗೆ ಟೇಪ್ ಹಚ್ಚಿ ಅಂಟಿಸಿದೆ.

"ಎಲ್ರೂ ನಡೀರಿ. ಗುಡ್ಡಕ್ಕೆ!"

ಪಿಕಪ್ಪಿನಲ್ಲಿ ನಾನು, ಹೋರಿ, ಅಕ್ಕ. ಹಿಂದೆ ತನ್ನ ಕೆಂಪು ಕಾರಿನಲ್ಲಿ ಲ್ಯಾಪ್‌ಟಾಪ್. ಭಾವನನ್ನು ಗ್ಯಾರೇಜಿನಲ್ಲೇ ಬಿಟ್ಟೆವು. ಅವರು ಬಂದಿದ್ದರೆ ದಾರಿಯುದ್ದಕ್ಕೂ ಇರುವೆ ಸಿಗುತ್ತಿದ್ದವು.

ಮೊದಲ ತಿರುವು. ಗೇಜಿನ ಮುಳ್ಳು ಅರ್ಧ ಬಾರ್ ಒತ್ತಡದಲ್ಲಿ.

ಎರಡನೆಯದು. ಆಕ್ಸಿಲರೇಟರ್ ಪೂರ್ತಿ ನೆಲಕ್ಕೆ. ಟರ್ಬೊ ಕಿರುಚಿತು. ಮುಳ್ಳು ಜಿಗಿಯಿತು. ಒಂದು!

"ಬಿಸಿಯಾದ್ರೆ ಏರುತ್ತಪ್ಪ," ಅಂದ ಹೋರಿ.

"ಬಿಸಿಗೆ ಏರೋದು ಆಮೆ ತರ ಏರುತ್ತೆ. ಇದು ತುಳಿದ ತಕ್ಷಣ ನೆಗೀತಿದೆ. ಬಿಟ್ಟು ನೋಡು... ಇಳೀತಾ? ಇಳೀಲಿಲ್ಲ. ಒಳಗೆ ಹೋದ ಗಾಳಿ ಅಲ್ಲೇ ಕೂತಿದೆ."

ಮತ್ತೆ ತುಳಿತ. ಒಂದೂವರೆ... ಎರಡು... ಹೋರಿ ಸ್ಪ್ಯಾನರನ್ನು ಎದೆಗೆ ಅವುಚಿಕೊಂಡ. ಅಷ್ಟು ದೊಡ್ಡ ದೇಹ, ಅಷ್ಟು ಸಣ್ಣ ಗುಂಡಿಗೆ!

ಗುಡ್ಡದ ತುದಿಯಲ್ಲಿ ನೀರಿನ ಪೈಪು ಪಟ್ ಅಂತ ಕಿತ್ತುಕೊಂಡಿತು. ಬಾನೆಟ್ ಸಂದಿಯಿಂದ ಹಬೆ ನುಗ್ಗಿತು. ಎಂಜಿನ್ ಆಫ್.

"ಗ್ಯಾಸ್ಕೆಟ್ ಸತ್ತಿದೆ," ಅಂದೆ. "ಕೊಂದಿದ್ದು ಬೂಸ್ಟು, ಟರ್ಬೊ ತುಂಬೋ ಗಾಳಿ. ಬೂಸ್ಟ್ ಏರ್ಸಿದ್ದು ಯಾರು?"

ಹೋರಿ ಕೆಳಗಿಳಿದು ಕೆಂಪು ಕಾರಿನ ಕಡೆ ನಡೆದ. ಕೈಯಲ್ಲಿ ಸ್ಪ್ಯಾನರ್.

ಕಾರು ಗಿರಕ್ ಅಂತ ತಿರುಗಿತು. ಇಳಿಜಾರಿನಲ್ಲಿ ಬಾಣ!

"ಹತ್ತೋ ಹೋರಿ!"

ನೀರಿಲ್ಲದ ಎಂಜಿನ್ ಓಡಿಸಿದರೆ ಕಾದು ಕಚ್ಚಿಕೊಂಡು ಅಲ್ಲೇ ಸೀಜ್. ಹಾಗಾಗಿ ನ್ಯೂಟ್ರಲ್. ಎಂಜಿನ್ ಬಂದ್. ಎರಡೂವರೆ ಟನ್ ಜಲ್ಲಿ ನಮ್ಮನ್ನು ಬೆನ್ನ ಹಿಂದಿನಿಂದ ದಬ್ಬುತ್ತಿತ್ತು. ಸ್ಟೀರಿಂಗ್ ಕಲ್ಲಿನಂತೆ ಗಟ್ಟಿ. ನೂರು... ನೂರಿಪ್ಪತ್ತು... ನೂರೈವತ್ತು! ಗುಡ್ಡದ ಮರಗಳು ಒಂದೇ ಹಸಿರು ಗೋಡೆಯಾದವು.

ಕೆಳಗಿನ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಒಬ್ಬ ಮುದುಕ ಕೆಂಪು ಬಾವುಟ ಹಿಡಿದು ನಿಂತಿದ್ದ.

ಕೆಂಪು ಕಾರು ಇಂಡಿಕೇಟರ್ ಹಾಕಿ, ಪಕ್ಕಕ್ಕೆ ಸರಿದು, ನಿಂತಿತು.

ತಪ್ಪಿಸಿಕೊಂಡು ಓಡುವವನು ಬಾವುಟ ನೋಡಿ ನಿಲ್ಲುತ್ತಾನೆ! ಇಂಥವರನ್ನು ಹಿಡಿಯಲು ನನ್ನಂಥವನು ಬೇಕಾ? ಅವಮಾನ ಆಯಿತು ಸ್ವಾಮಿ.

"ಯಾಕೋ ಓಡ್ದೆ?" ಕಾಲರ್ ಹಿಡಿದೆ.

"ಅವ್ನು ಸ್ಪ್ಯಾನರ್ ಹಿಡ್ಕೊಂಡ್ ಬಂದ್ರೆ ನೀವು ನಿಂತ್ಕೋತೀರಾ ಸಾರ್?"

ಕಾಲರ್ ಬಿಟ್ಟೆ.

ಪಿಕಪ್ಪನ್ನು ಹಗ್ಗ ಕಟ್ಟಿ ಎಳೆಸಿದೆವು. ಮಧ್ಯಾಹ್ನ ಭಾವ ಹೆಡ್ ಬಿಚ್ಚಲು ಕೂತರು. ಬಿಚ್ಚುವ ಮೊದಲು ಹತ್ತೂ ಬೋಲ್ಟಿಗೆ ಟಾರ್ಕ್ ರೆಂಚ್ ಇಟ್ಟು, ಬಿಗಿ ಎಷ್ಟಿದೆ ಅಂತ ಹೋರಿಗೆ ತೋರಿಸಿದರು. ಹತ್ತೂ ಒಂದೇ ಸಮ. ಹೆಡ್ ಎತ್ತಿದರೆ, ಮೂರನೇ ಸಿಲಿಂಡರಿನ ಸುತ್ತಲಿನ ಉಂಗುರ ನೀರಿನ ದಾರಿಯ ಕಡೆಗೆ ಹಿಸಿದುಹೋಗಿತ್ತು. ಆ ಜಾಗ ಮಾತ್ರ ಮಸಿ ಹಿಡಿದು ಕಪ್ಪು.

"ನಿನ್ ಕೆಲ್ಸ ಸರಿ ಇದೆ ಬಿಡು," ಹೋರಿ ಭಾವನಿಗೆ ಅಂದ. ಆಮೇಲೆ ಲ್ಯಾಪ್‌ಟಾಪ್ ಕಡೆ ತಿರುಗಿದ. "ಕೈ ಚಾಚು."

"ಒಂದ್ನಿಮಿಷ ಸಾರ್! ನಾನು ಬೂಸ್ಟ್ ಇಟ್ಟಿದ್ದು ಒಂದು ಪಾಯಿಂಟ್ ಎಂಟು ಬಾರ್. ಈ ಗ್ಯಾಸ್ಕೆಟ್ ಅದನ್ನ ತಡ್ಕೊಳ್ಳುತ್ತೆ."

"ಎಲ್ಲಾ ಕಳ್ಳರೂ ಹೀಗೇ ಹೇಳೋದು," ಅಂದೆ ನಾನು.

ಅವನು ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ಕಿತ್ತ. ದಿನದಿನದ ಬೂಸ್ಟನ್ನು ಬರೆದಿಡುವ ರೆಕಾರ್ಡರ್. ಅದು ಅಲ್ಲಿರುವುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಈ ಕತೆಯೇ ಬೇರೆ ಇರುತ್ತಿತ್ತು.

"ಇಲ್ನೋಡಿ. ಎಲ್ಲಾ ದಿನ ಒಂದು ಪಾಯಿಂಟ್ ಎಂಟು. ಎರಡ್ ವಾರದ ಹಿಂದೆ, ಭಾನುವಾರ, ಬೆಳಗ್ಗೆ ಹನ್ನೊಂದೂ ಇಪ್ಪತ್ತು... ಎರಡು ಪಾಯಿಂಟ್ ಒಂಬತ್ತು! ನಲವತ್ತು ಸೆಕೆಂಡ್!"

ಟರ್ಬೊ ಹತ್ತಿರ ಬಗ್ಗಿ ಬೆರಳು ತೋರಿಸಿದ. ಹೆಚ್ಚಾದ ಒತ್ತಡವನ್ನು ಹೊರಗೆ ಬಿಡುವ ಬಾಗಿಲಿನ ಸರಳು ಅದು. ಅದರ ನಟ್ಟಿನ ಮೇಲೂ ಸರಳಿನ ಮೇಲೂ ಸೇರಿ ಅವನು ಹಳದಿ ಪೇಂಟಿನ ಒಂದು ಗೆರೆ ಎಳೆದಿದ್ದ. ಈಗ ಗೆರೆ ಎರಡು ತುಂಡು.

"ಯಾರೋ ಈ ನಟ್ಟು ತಿರುಗ್ಸಿ ಬೂಸ್ಟ್ ಏರ್ಸಿದಾರೆ. ಆಮೇಲೆ ವಾಪಸ್ ತಿರುಗ್ಸಿದಾರೆ. ಗೆರೆ ಸರಿಯಾಗಿ ಕೂಡ್ಸೋಕೆ ಬಂದಿಲ್ಲ."

"ಆ ಭಾನುವಾರ ಗಾಡಿ ನನ್ ಹತ್ರ ಇರ್ಲಿಲ್ಲ," ಹೋರಿ ಹುಬ್ಬು ಗಂಟಿಕ್ಕಿದ. "ಬ್ರೇಕ್ ಪ್ಯಾಡ್‌ಗೆ ಅಂತ ಇಲ್ಲೇ ಬಿಟ್ಟಿದ್ದೆ."

"ನಾವಿಬ್ರೂ ಇರ್ಲಿಲ್ಲ," ಅಂದರು ಭಾವ. "ಅಮ್ಮನ್ನ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗಿದ್ವಿ."

ಅಕ್ಕ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಕೀಲಿ ಯಾರ ಹತ್ರ ಕೊಟ್ಟು ಹೋಗಿದ್ವಿ?"

"ಯಾವ ಭಾನುವಾರ ಅಕ್ಕ?"

"ಲೋ."

ಒಂದೇ ಅಕ್ಷರ. ಐದನೇ ವಯಸ್ಸಿನಿಂದ ಆ ಅಕ್ಷರದ ಮುಂದೆ ನನ್ನ ಯಾವ ಸುಳ್ಳೂ ನಿಂತಿಲ್ಲ.

"ಪಿಕಪ್ ಓಡಿಸ್ಕೊಂಡು ಹೋಗ್ತಿದ್ದಾಗ ಒಂದು ಹಾಲಿನ ಟ್ಯಾಂಕರ್ ನನ್ನ ಓವರ್‌ಟೇಕ್ ಮಾಡ್ತು ಅಕ್ಕ... ಹಾರ್ನ್ ಹೊಡ್ಕೊಂಡು! ಡ್ರೈವರ್ ಕೈ ಬೇರೆ ಬೀಸ್ದ. ಸುಮ್ನೆ ಇರೋಕಾಗುತ್ತಾ? ಆ ನಟ್ಟು ಎರಡೇ ಎರಡು ಸುತ್ತು..."

"ಹಿಂದೆ ಹಾಕಿದ್ಯಾ ಟ್ಯಾಂಕರ್‌ನ?"

"...ಇಲ್ಲ."

ಹೋರಿ ಸ್ಪ್ಯಾನರ್ ಎತ್ತಿದ. ಗ್ಯಾರೇಜಿನ ಗೋಡೆ ನನ್ನ ಬೆನ್ನಿಗೆ ತಗುಲಿತು. ಇನ್ನು ಹಿಂದೆ ಹೋಗಲು ಜಾಗವಿರಲಿಲ್ಲ.

ಆಗ ನಡುವೆ ಬಂದವರು ಭಾವ. ಇರುವೆಗೆ ದಾರಿ ಬಿಡುವ ಭಾವ! ಬೆಳಗ್ಗೆಯಿಂದ ಜೋಪಾನ ಮಾಡಿಕೊಂಡಿದ್ದ ಅದೇ ಬಲಗೈಯಲ್ಲಿ ಸ್ಪ್ಯಾನರಿನ ತುದಿ ಹಿಡಿದರು.

"ಅವನ ಕೈ ಮುರಿದ್ರೆ ನಿನ್ ಗಾಡಿ ನಾಳೆ ಸಿಗಲ್ಲ," ಅಂದರು. "ಕೆಲಸ ಜಾಸ್ತಿ ಇದೆ. ನಂಗೆ ಎರಡು ಕೈ ಸಾಲದು."

ಹೋರಿ ಬಹಳ ಹೊತ್ತು ಯೋಚಿಸಿದ. ಅವನಿಗೆ ಅದು ಕಷ್ಟದ ಕೆಲಸ. ಕೊನೆಗೆ ಸ್ಪ್ಯಾನರನ್ನು ನನ್ನ ಕಾಲ ಬಳಿ ಎಸೆದು ಹೊರಗೆ ಹೋಗಿ ಕೂತ.

ಯಾಕೆ ಹಾಗೆ ನೋಡುತ್ತೀರಿ ಸ್ವಾಮಿ? ಅಕ್ಕ ನಿಮಗೆ ಆಗಲೇ ಎಲ್ಲ ಹೇಳಿಬಿಟ್ಟಳಾ?

ಸರಿ. ಗುಡ್ಡದಲ್ಲಿ ತಿರುವು ಹದಿನೆಂಟಲ್ಲ, ಮೂರು. ಬ್ರೇಕ್ ಚೆನ್ನಾಗಿತ್ತು. ಇಳಿಯುವಾಗ ನಲವತ್ತು ದಾಟಿರಲಿಲ್ಲ. ಸ್ಟೀರಿಂಗ್ ಹಿಡಿದಿದ್ದು ಅಕ್ಕ. ನಾನು ಹಿಂದಿನ ಸೀಟಿನಲ್ಲಿದ್ದೆ. ಕಣ್ಣು ಮುಚ್ಚಿದ್ದು ಮಾತ್ರ ನಿಜ, ಯಾಕೆ ಅಂತ ಕೇಳಬೇಡಿ. ಗ್ಯಾಸ್ಕೆಟ್ ಹೋಗಿದೆ ಅಂತ ಎಂಜಿನ್ನೇನೂ ನನಗೆ ಪಿಸುಗುಟ್ಟಲಿಲ್ಲ. ಎರಡು ವಾರದಿಂದ ನನಗೆ ಗೊತ್ತಿತ್ತು.

ಮಾರನೆಯ ಬೆಳಗ್ಗೆ ಹೊಸ ಗ್ಯಾಸ್ಕೆಟ್ ಕೂರಿಸಿ, ಹತ್ತೂ ಬೋಲ್ಟನ್ನು ನಾನೇ ಬಿಗಿದೆ. ಭಾವ ಟಾರ್ಕ್ ರೆಂಚ್ ತಂದು ಒಂದೊಂದನ್ನೇ ಮತ್ತೆ ನೋಡಿದರು.

ಮೂರು ಸಡಿಲ ಇದ್ದವು... ಸುಳ್ಳು. ಏಳು.