ಬಂಡೆಯಾಚೆಯ ಕಡಲು

ಯಾರೋ ಜಡೆ ಹಿಡಿದು ಬಲವಾಗಿ ಎಳೆದರು.

ಕೆರೆಯ ನೀರಿಗೆ ಮುಖ ಮಾಡಿ ತೇಲುತ್ತಿದ್ದ ಶ್ಯಾಮಲಾಗೆ ಮೊದಲು ಆಕಾಶ ಕಂಡಿತು. ಆಮೇಲೆ ಗಾಬರಿಯಿಂದ ಬಿಳಿಚಿಕೊಂಡ ಒಂದು ಗಂಡಸಿನ ಮುಖ. ಅವಳು ಯೋಚಿಸಲಿಲ್ಲ, ಕೈ ಬೀಸಿ ಆ ಒದ್ದೆ ಕೆನ್ನೆಗೆ ಬಾರಿಸಿಯೇ ಬಿಟ್ಟಳು.

“ಸತ್ತೋದ್ರಿ ಅಂದ್ಕೊಂಡೆ,” ಎಂದ ಅವನು.

“ಮೀನು ನೋಡ್ತಿದ್ದೆ.”

“ಉಸಿರಿನ ಕೊಳವೆ ಬಾಯಲ್ಲಿರ್ಲಿಲ್ಲ.”

“ಉಸಿರು ಕಟ್ಟಿದ್ದೆ. ಹೋಳೂರಿನ ಬಾವೀಲಿ ಹುಡುಗರ ಜೊತೆ ಪಂದ್ಯ ಕಟ್ಟಿ ಮುಳುಗ್ತಿದ್ದವಳು ನಾನು.”

“ಅದನ್ನ ಮೊದ್ಲೇ ಹೇಳ್ಬೇಕಲ್ವಾ ಮೇಡಂ?”

“ಜಡೆಗೆ ಕೈ ಹಾಕೋಕೆ ಮುಂಚೆ ನೀವು ಕೇಳ್ಬೇಕಿತ್ತು.”

ಅವನು ಮುಖದ ನೀರು ಒರೆಸಿಕೊಂಡ. ಹೊಡೆಸಿಕೊಂಡ ಕೆನ್ನೆ ಕೆಂಪಾಗುತ್ತಿತ್ತು, ಕಣ್ಣಂಚಿನಲ್ಲಿ ಮಾತ್ರ ಒಂದು ನಗು ಬರಲೋ ಬೇಡವೋ ಎಂದು ನಿಂತಿತ್ತು. ಶ್ಯಾಮಲಾ ಆ ನಗುವನ್ನು ನೋಡದವಳಂತೆ ದಡದ ಕಡೆ ಈಜಿದಳು. ಅಷ್ಟು ದೂರವೂ ಅವನ ನೋಟ ತನ್ನ ಬೆನ್ನ ಮೇಲಿರುವುದು ಅವಳಿಗೆ ಗೊತ್ತಾಗುತ್ತಿತ್ತು.

ಅವನು ಕದಿರೇಶ, ನಂಗಲಿಯ ಲಾರಿ ಗ್ಯಾರೇಜಿನ ಮುನಿರಾಮಪ್ಪನ ಮಗ. ಊರು ಬಿಟ್ಟು ಹೋಗಿ ಕೆಲವು ವರ್ಷ ಕುಮಟಾ ಕಡೆಯ ಕಡಲಲ್ಲಿ ದುಡಿದು ಬಂದವನು. ವಿದೇಶದಿಂದ ಬರುತ್ತಿದ್ದವರನ್ನು ಕಯಾಕ್ ಎಂಬ ಕಿರುದೋಣಿಯಲ್ಲಿ ಕಲ್ಲುಬಂಡೆಗಳ ನಡುವೆ ಸುತ್ತಿಸುವುದು, ಕಣ್ಣಿಗೆ ಗಾಜು, ಬಾಯಿಗೆ ಉಸಿರಿನ ಕೊಳವೆ ಕಟ್ಟಿ ನೀರೊಳಗಿನ ಮೀನು ತೋರಿಸುವುದು ಅವನ ಕೆಲಸವಾಗಿತ್ತು. ಊರಿಗೆ ಮರಳಿದ ಮೇಲೆ ಮರದ ಚೌಕಟ್ಟಿಗೆ ಲಾರಿಯ ಟಾರ್ಪಾಲು ಬಿಗಿದು ತಾನೇ ದೋಣಿಗಳನ್ನು ಮಾಡಿಕೊಂಡ. ಮುಳಬಾಗಿಲಿನ ಬಂಡೆಗುಡ್ಡಗಳ ನಡುವಿನ ಕೆರೆಯಲ್ಲಿ ಭಾನುವಾರ ಭಾನುವಾರ ಆಸೆಪಟ್ಟವರಿಗೆ ಕಲಿಸುತ್ತಿದ್ದ. ಕಲಿತವರನ್ನು ಚಳಿಗಾಲದಲ್ಲಿ ಒಮ್ಮೆ ಕಡಲಿಗೆ ಕರೆದೊಯ್ಯುತ್ತಿದ್ದ.

ಶ್ಯಾಮಲಾ ಶ್ರೀನಿವಾಸಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್. ಅಲ್ಲೇ ಹೊಲಿಗೆ ಕಲಿಸುವ ಅಖ್ತರ್ ಬಾನು ಅವಳ ಗೆಳತಿ. ೧೯೮೨ರ ಆ ಮಳೆಗಾಲದ ಕೊನೆಯಲ್ಲಿ ಇಬ್ಬರೂ ಸುಮ್ಮನೆ ನೋಡಿಕೊಂಡು ಬರೋಣವೆಂದು ಕೆರೆಗೆ ಹೋದವರು, ಮುಂದಿನ ಭಾನುವಾರವೂ ಹೋದರು, ಅದರ ಮುಂದಿನ ಭಾನುವಾರವೂ.

“ನೀನು ಮೀನು ನೋಡೋಕೆ ಬರ್ತಿಲ್ಲ ಕಣೇ,” ಎಂದಳು ಅಖ್ತರ್ ಬಾನು ಒಂದು ದಿನ ಬಸ್ಸಿನಲ್ಲಿ.

“ಮತ್ತಿನ್ನೇನು ನೋಡೋಕೆ?”

“ಅದನ್ನ ನನ್ನ ಬಾಯಿಂದ ಹೇಳಿಸ್ಬೇಡ.”

ಶ್ಯಾಮಲಾ ಕಿಟಕಿಯ ಕಡೆ ತಿರುಗಿದಳು. ಅವನು ಹುಟ್ಟು ಹಾಕುವುದನ್ನು ಕಲಿಸುವಾಗ ಎಂದೂ ಅವಳ ಕೈ ಮುಟ್ಟಿದವನಲ್ಲ. ತನ್ನ ಹುಟ್ಟನ್ನು ಅವಳ ಹುಟ್ಟಿನ ಪಕ್ಕಕ್ಕೆ ತಂದು ತೋರಿಸುತ್ತಿದ್ದ. ಎರಡು ಮರದ ಅಲಗುಗಳು ಒಮ್ಮೊಮ್ಮೆ ಒಂದನ್ನೊಂದು ತಾಗುತ್ತಿದ್ದವು. ಅಷ್ಟಕ್ಕೇ ಇಬ್ಬರ ಮಾತೂ ನಿಂತುಹೋಗುತ್ತಿತ್ತು.

ಕ್ರಿಸ್‌ಮಸ್ ರಜೆಗೆ ಕಡಲಿಗೆ ಹೊರಡುವುದೆಂದು ನಿಶ್ಚಯವಾದಾಗ ಅವಳು ಹೋಳೂರಿಗೆ ಹೋಗಿ ಅಪ್ಪನನ್ನು ಕೇಳಿದಳು. ಚನ್ನರಾಯಪ್ಪ ರೇಷ್ಮೆ ಹುಳುವಿನ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದವರು ಕೈ ನಿಲ್ಲಿಸಲಿಲ್ಲ.

“ಮಾಲೂರಿನವರು ಉತ್ತರಕ್ಕೆ ಕಾಯ್ತಾವ್ರೆ. ಹಂಚಿನ ಕಾರ್ಖಾನೇಲಿ ಮೇನೇಜರು, ಒಳ್ಳೆ ಹುಡುಗ. ನೀನು ಯುಗಾದಿಯಿಂದ ನೋಡಾಣ, ನೋಡಾಣ ಅಂತಿದೀಯ.”

“ಹೋಗಿ ಬರ್ತೀನಪ್ಪ. ಆಮೇಲೆ ಹೇಳ್ತೀನಿ.”

“ಹೋಗಿ ಬಾ, ಬೇಡ ಅನ್ನಲ್ಲ. ಬಂದ್ಮೇಲೆ ಭಾನುವಾರ ಅವರು ತಾಂಬೂಲಕ್ಕೆ ಬರ್ತಾರೆ. ನೀನು ಹೂಂ ಅನ್ಬೇಕು. ಮಾತು ಕೊಡು.”

ಕಡಲು ನೋಡಬೇಕೆಂಬ ಆಸೆ, ಅದರ ಹಿಂದೆ ಬಚ್ಚಿಟ್ಟುಕೊಂಡ ಇನ್ನೊಂದು ಆಸೆ, ಎರಡೂ ಸೇರಿ ಅವಳ ಬಾಯಿಂದ “ಆಗ್ಲಿ” ಎನ್ನಿಸಿದವು. ಕದಿರೇಶನಿಗೆ ಅವಳು ಇದನ್ನು ತಿಳಿಸಲಿಲ್ಲ. ತಿಳಿಸಲು ಅವನು ಯಾರು, ಅವಳು ಯಾರು?

ಅವರು ಬಂದಿಳಿದದ್ದು ಕುಮಟಾದಿಂದಾಚೆ ಒಂದು ಮೀನುಗಾರರ ಹಳ್ಳಿಗೆ. ಕಪ್ಪು ಬಂಡೆಗಳು ದಡದಿಂದಲೇ ನೀರಿಗಿಳಿದು, ಅಲ್ಲಲ್ಲಿ ತಲೆಯೆತ್ತಿ ನಿಂತಿದ್ದವು.

ಅಖ್ತರ್ ಬಾನು ಕಡಲನ್ನು ತುಂಬಾ ಹೊತ್ತು ನೋಡಿದಳು. “ಯಾ ಅಲ್ಲಾ, ಇದಕ್ಕೆ ಕಟ್ಟೆ ಎಲ್ಲಿ?”

ಎಲ್ಲರೂ ನಕ್ಕರು. ಅವರ ಗುಂಪಿನಲ್ಲಿ ಕೋಲಾರದ ಇಬ್ಬರು ಬ್ಯಾಂಕ್ ಗುಮಾಸ್ತರಿದ್ದರು, ಹೊಸದಾಗಿ ಮದುವೆಯಾದ ಒಂದು ಜೋಡಿಯಿತ್ತು. ಜೋಡಿಗೆ ಈಜು ಬರುತ್ತಿರಲಿಲ್ಲ. ಗಾಳಿ ತುಂಬಿದ ಟ್ಯೂಬನ್ನು ಎದೆಗೆ ಕಟ್ಟಿಕೊಂಡೇ ದೋಣಿ ಹತ್ತುತ್ತಿದ್ದರು. ಒಂದು ದೋಣಿಗೆ ಇಬ್ಬರಂತೆ ಮೂರು ದೋಣಿ, ಮುಂದೆ ಕದಿರೇಶನ ಒಂಟಿ ದೋಣಿ.

“ಎರಡೇ ಮಾತು,” ಎಂದಿದ್ದ ಅವನು. “ನನ್ನ ದಾಟಿ ಯಾರೂ ಮುಂದೆ ಹೋಗ್ಬಾರ್ದು. ನಾನು ಹುಟ್ಟನ್ನ ತಲೆ ಮೇಲೆ ಅಡ್ಡ ಹಿಡಿದ್ರೆ, ಎಲ್ಲಿದ್ದೀರೋ ಅಲ್ಲೇ ಇರ್ಬೇಕು.”

ಮೊದಲ ದಿನ ಕಡಲು ತಟ್ಟೆಯಲ್ಲಿಟ್ಟ ನೀರಿನಂತೆ ಸುಮ್ಮನಿತ್ತು. ಬಂಡೆಯ ಮರೆಯಲ್ಲಿ ದೋಣಿ ಕಟ್ಟಿ ಅವರು ನೀರಿಗಿಳಿದರು. ಗಾಜಿನ ಕೆಳಗೆ ಬೇರೆಯೇ ಊರಿತ್ತು. ಹಳದಿ ಪಟ್ಟೆಯ ಮೀನುಗಳು ಹಿಂಡಾಗಿ ತಿರುಗಿದವು. ಬಿಸಿಲು ನೀರೊಳಗೆ ಎಳೆ ಎಳೆಯಾಗಿ ಇಳಿದಿತ್ತು. ಕದಿರೇಶ ಅವಳ ಪಕ್ಕದಲ್ಲೇ ತೇಲುತ್ತಿದ್ದ. ಬಂಡೆಯ ಬಿರುಕಿನಲ್ಲಿ ಅಡಗಿದ್ದ ಒಂದು ಮೀನನ್ನು ತೋರಿಸಲು ಮೊದಲ ಬಾರಿಗೆ ಅವಳ ಮಣಿಕಟ್ಟನ್ನು ಹಿಡಿದ.

ತೋರಿಸಿಯಾಯಿತು. ಕೈ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ. ನೀರಿನಲ್ಲಿ ಮಾತಿಲ್ಲದಿರುವುದು ಎಷ್ಟು ಒಳ್ಳೆಯದು ಎಂದುಕೊಂಡಳು.

ಮರುದಿನ ಬೆಳಿಗ್ಗೆ ದೋಣಿಗಳನ್ನು ನೀರಿಗೆ ತಳ್ಳುವಾಗ ಅಖ್ತರ್ ಬಾನು ತಮಾಷೆಗೆ ಒಂದು ಮಾತಾಡಿದಳು.

“ಇವಳನ್ನ ಹುಷಾರಾಗಿ ನೋಡ್ಕೊಳ್ಳಿ ಸಾರ್. ಭಾನುವಾರ ತಾಂಬೂಲ. ಮಾಲೂರಿನವರಿಗೆ ನಾವೇನು ಉತ್ತರ ಕೊಡೋದು?”

ಕದಿರೇಶ ಹಗ್ಗ ಬಿಚ್ಚುತ್ತಿದ್ದ. ಅವನ ಬೆರಳುಗಳು ನಿಂತವು, ಮತ್ತೆ ಆಡಿದವು.

“ಒಳ್ಳೇದಾಗ್ಲಿ,” ಎಂದ, ತಲೆ ಎತ್ತದೆ.

“ಹೇಳ್ಬೇಕು ಅಂತಿದ್ದೆ,” ಎಂದಳು ಶ್ಯಾಮಲಾ ಮೆಲ್ಲಗೆ.

“ನನಗ್ಯಾಕೆ ಹೇಳ್ಬೇಕು ಮೇಡಂ? ಗಾಳಿ ಏಳೋದ್ರೊಳಗೆ ವಾಪಸ್ ಬರ್ಬೇಕು. ಹತ್ತಿ.”

ಮತ್ತೆ ಅದೇ ಮೇಡಂ. ನಿನ್ನೆ ಮಣಿಕಟ್ಟು ಹಿಡಿದವನು ಇವನೇನಾ? ಒಂದು ಪ್ರಶ್ನೆ ಕೇಳಲಿಲ್ಲ. ಯಾರು, ಯಾವಾಗ, ನಿಮಗೆ ಇಷ್ಟವಿದೆಯಾ, ಏನೂ ಇಲ್ಲ. ಅವಳು ಸಿಟ್ಟಿನಿಂದ ಹುಟ್ಟು ಹಾಕತೊಡಗಿದಳು. ಒಂದು ಬಂಡೆ ದಾಟಿತು, ಇನ್ನೊಂದು. ಹಿಂದಿನಿಂದ ಅವನ ಸೀಟಿ ಕೇಳಿಸಿತು. ಕೇಳಿಸದವಳಂತೆ ಮುಂದೆ ಹೋದಳು.

“ಶ್ಯಾಮಲಾ, ಅವರು ಕರೀತಿದ್ದಾರೆ,” ಎಂದಳು ಮುಂದೆ ಕುಳಿತಿದ್ದ ಅಖ್ತರ್ ಬಾನು.

“ಕರೀಲಿ.”

ದೊಡ್ಡ ಬಂಡೆಯೊಂದನ್ನು ಸುತ್ತಿ ಆಚೆ ಬದಿಗೆ ಬಂದದ್ದೇ ತಡ, ಗಾಳಿ ಮುಖಕ್ಕೆ ಬಡಿಯಿತು. ಈಚೆ ಸುಮ್ಮನಿದ್ದ ಕಡಲು ಆಚೆ ಎದ್ದು ನಿಂತಿತ್ತು. ತಿರುಗಿಸಲು ಹೋದಳು. ಅಲೆ ದೋಣಿಯನ್ನು ಎತ್ತಿ ಬಂಡೆಯ ಕಡೆಗೆ ಒಗೆಯಿತು. ಚಿಪ್ಪುಗಳು ಬೆಳೆದ ಕಲ್ಲಿನ ಅಂಚು ಟಾರ್ಪಾಲನ್ನು ಉದ್ದಕ್ಕೆ ಸೀಳಿತು. ಇಬ್ಬರೂ ನೀರಿಗೆ ಬಿದ್ದರು.

ಶ್ಯಾಮಲಾ ಅಖ್ತರ್ ಬಾನುವಿನ ತೋಳು ಹಿಡಿದಳು. ಅಲೆ ಹಿಂದೆ ಸರಿಯುವವರೆಗೆ ಕಾದು, ಮುಂದಿನ ಅಲೆಯ ಜೊತೆಗೇ ಅವಳನ್ನು ಬಂಡೆಯ ಮೇಲಕ್ಕೆ ದೂಡಿದಳು. ಆಮೇಲೆ ತಾನೂ ಹತ್ತಿದಳು. ಅಂಗೈ ಹರಿದಿತ್ತು. ಅಖ್ತರ್ ಬಾನುವಿನ ಮೊಣಕಾಲಿನಿಂದ ರಕ್ತ ಇಳಿಯುತ್ತಿತ್ತು. ಸೀಳಿದ ದೋಣಿ ಮಗುಚಿಕೊಂಡು ದೂರ ಹೋಯಿತು.

ಬಂಡೆಯ ನೆತ್ತಿಗೆ ಬಂದು ನೋಡಿದಾಗ ಈಚೆ ಬದಿಯೂ ಕಲಕಿಹೋಗಿತ್ತು. ಹೊಸ ಜೋಡಿಯ ದೋಣಿಯಲ್ಲಿ ನೀರು ತುಂಬಿತ್ತು. ಹುಡುಗಿ ಕಿರುಚುತ್ತಿದ್ದಳು. ಕದಿರೇಶ ಅವರ ಹತ್ತಿರವಿದ್ದ. ಅವನು ತಲೆಯೆತ್ತಿ ಶ್ಯಾಮಲಾಳನ್ನು ನೋಡಿದ.

ಅಷ್ಟು ದೂರದಿಂದಲೂ ಆ ನೋಟ ಅವಳಿಗೆ ತಲುಪಿತು. ಅವನು ಹುಟ್ಟನ್ನು ತಲೆಯ ಮೇಲೆ ಅಡ್ಡ ಹಿಡಿದ. ಅಲ್ಲೇ ಇರು. ಆಮೇಲೆ ಜೋಡಿಯ ದೋಣಿಗೆ ಹಗ್ಗ ಬಿಗಿದು, ಗುಮಾಸ್ತರನ್ನು ಮುಂದೆ ಬಿಟ್ಟುಕೊಂಡು, ಬೆನ್ನು ತಿರುಗಿಸಿ ದಡದ ಕಡೆ ಹೊರಟುಹೋದ.

“ಹೋಗ್ತಿದ್ದಾನಾ?” ಅಖ್ತರ್ ಬಾನುವಿನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. “ನಮ್ಮನ್ನ ಬಿಟ್ಟು ಹೋಗ್ತಿದ್ದಾನಾ?”

“ಬರ್ತಾರೆ,” ಎಂದಳು ಶ್ಯಾಮಲಾ. ತನ್ನ ದನಿಯನ್ನು ತಾನೇ ನಂಬಲಿಲ್ಲ.

ನೀರು ಏರುತ್ತಿತ್ತು. ಮೊದಲು ಕುಳಿತ ಜಾಗ ಒದ್ದೆಯಾಯಿತು, ಆಮೇಲೆ ಮುಳುಗಿತು. ಅವಳು ದುಪಟ್ಟಾ ಹರಿದು ಗೆಳತಿಯ ಮೊಣಕಾಲಿಗೆ ಕಟ್ಟಿದಳು, ಅವಳ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಕೂತಳು. ಸೀಟಿ ಕೇಳಿಯೂ ಮುಂದೆ ಹೋದವಳು ತಾನು. ಅಖ್ತರ್ ಬಾನುವಿಗೆ ಏನಾದರೂ ಆದರೆ? ಆ ಯೋಚನೆ ಬಂದಾಗಲೆಲ್ಲ ಬಂಡೆಯ ಬಿರುಕಿಗೆ ಇನ್ನಷ್ಟು ಗಟ್ಟಿಯಾಗಿ ಬೆರಳು ಊರಿದಳು. ದಡದಲ್ಲಿ ಯಾರಾದರೂ ಹೊರಟರೇ ಎಂದು ನೋಡುತ್ತಲೇ ಇದ್ದಳು. ಕಣ್ಣಿಗೆ ಬಿಳಿ ನೊರೆ ಬಿಟ್ಟು ಬೇರೇನೂ ಕಾಣಲಿಲ್ಲ.

ಬಿಸಿಲು ನೆತ್ತಿ ದಾಟಿದ ಮೇಲೆ ಅವನು ಬಂದ. ಇಬ್ಬರು ಕೂರುವ ದೋಣಿಯನ್ನು ಒಬ್ಬನೇ ನಡೆಸುತ್ತ, ಇನ್ನೊಂದು ಖಾಲಿ ದೋಣಿಯನ್ನು ಹಗ್ಗದಲ್ಲಿ ಎಳೆದು ತಂದಿದ್ದ. ಗಾಳಿಗೆ ಎದುರಾಗಿಯೇ ಹುಟ್ಟು ಹಾಕಿಕೊಂಡು ಬಂದಿದ್ದ.

“ಅಖ್ತರ್ ಬಾನು ಅವರನ್ನ ನಾನು ಕೂರಿಸ್ಕೊಳ್ತೀನಿ,” ಎಂದ ಅಲೆಯ ಸದ್ದಿನ ಮೇಲೆ. “ಈ ಖಾಲಿ ದೋಣಿ ನೀವು ತರ್ತೀರಾ? ಹಗ್ಗ ಬಿಚ್ಚಲ್ಲ.”

ಅವಳು ಹರಿದ ಅಂಗೈ ನೋಡಿಕೊಂಡಳು. “ತರ್ತೀನಿ.”

ದಡದವರೆಗೂ ಅವನು ಹಿಂದಿರುಗಿ ನೋಡುತ್ತಲೇ ಇದ್ದ. ಅವಳು ಒಮ್ಮೆಯೂ ಹುಟ್ಟು ನಿಲ್ಲಿಸಲಿಲ್ಲ.

ಅಖ್ತರ್ ಬಾನುವನ್ನು ಮೀನುಗಾರರ ಹೆಂಗಸರು ಒಳಗೆ ಕರೆದುಕೊಂಡು ಹೋಗಿ ಗಾಯ ತೊಳೆದರು. ಶ್ಯಾಮಲಾ ಮರಳಿನ ಮೇಲೆ ಕುಸಿದು ಕೂತಳು. ಕದಿರೇಶ ಒಂದು ಲೋಟ ಬಿಸಿ ಗಂಜಿ ತಂದು ಅವಳ ಮುಂದಿಟ್ಟ.

“ತಪ್ಪು ನಂದು,” ಎಂದಳು. “ಸೀಟಿ ಕೇಳಿಸ್ತು.”

“ಗೊತ್ತು.”

“ಆದ್ರೂ ನನ್ನ ಬಿಟ್ಟು ಹೋದ್ರಿ.”

“ಹೋದೆ.”

“ಬೆಳಿಗ್ಗೆ ಮಾತಿನ ಸಿಟ್ಟಿಗಾ?”

ಅವನು ಅವಳ ಎದುರಿಗೆ ಮೊಣಕಾಲೂರಿ ಕೂತ. “ಅವರಿಬ್ಬರಿಗೂ ಈಜು ಬರಲ್ಲ ಶ್ಯಾಮಲಾ. ನೀವು ಬಂಡೆ ಮೇಲಿದ್ರಿ. ತಿರುಗಿ ಹೋಗೋವಾಗ ನನ್ನ ಕೈಕಾಲೆಲ್ಲ ನಿಮ್ಮ ಕಡೇನೇ ಎಳೀತಿದ್ವು. ಬೇರೆ ಯಾರಾದ್ರೂ ಅಲ್ಲಿದ್ದಿದ್ರೆ ನನಗೆ ಇಷ್ಟು ಕಷ್ಟ ಆಗ್ತಿರ್ಲಿಲ್ಲ. ನಿಮಗೆ ಆಗುತ್ತೆ, ಜೊತೆಗಿರೋರನ್ನೂ ಉಳಿಸ್ಕೊಳ್ತೀರಿ ಅನ್ನೋ ನಂಬಿಕೆ ಒಂದಿಲ್ದಿದ್ರೆ, ಆ ಹುಡುಗೀನ ನೀರಲ್ಲಿ ಬಿಟ್ಟು ನಿಮ್ಮ ಹತ್ರ ಬಂದ್ಬಿಡ್ತಿದ್ದೆ.”

ಹೆಸರು ಹಿಡಿದು ಅವನು ಕರೆದದ್ದು ಅದೇ ಮೊದಲು. ಅವಳಿಗೆ ಅಳು ಬಂತು. ತಡೆದುಕೊಳ್ಳಲಿಲ್ಲ.

“ಅಪ್ಪನಿಗೆ ಮಾತು ಕೊಟ್ಟು ಬಂದಿದ್ದೀನಿ.”

“ಮುರೀರಿ ಅಂತ ನಾನು ಹೇಳಲ್ಲ.”

“ಮತ್ತೇನು ಹೇಳ್ತೀರಿ? ಒಳ್ಳೇದಾಗ್ಲಿ ಅಂತಾನಾ?”

“ಇಲ್ಲ. ಅದು ಸುಳ್ಳು.” ಅವನು ಅವಳ ಗಾಯದ ಅಂಗೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡ. “ನಿಮ್ಮೂರಿಗೆ ಬರ್ತೀನಿ. ನಿಮ್ಮಪ್ಪನ ಮುಂದೆ ನಿಂತ್ಕೊಂಡು ನನ್ನ ಮನಸ್ಸಲ್ಲಿರೋದು ಹೇಳ್ತೀನಿ. ನಿಮ್ಮದು ನೀವು ಹೇಳಿ.”

ಶನಿವಾರ ಸಂಜೆ ಅವರು ಹೋಳೂರಿನಲ್ಲಿ ಬಸ್ಸಿಳಿದರು. ಕದಿರೇಶ ಅಂಗಳದ ಆಚೆ ನಿಂತ. ಶ್ಯಾಮಲಾ ಒಬ್ಬಳೇ ಹುಳುವಿನ ಮನೆಗೆ ಹೋದಳು. ಒಳಗೆ ಸಾವಿರಾರು ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು.

“ಅಪ್ಪ, ನಾನು ಮಾತು ಉಳಿಸ್ಕೊಳ್ಳಲ್ಲ,” ಎಂದಳು ನೇರವಾಗಿ. “ನಾಳೆ ಅವರಿಗೆ ನಾನು ಹೂಂ ಅಂದ್ರೆ, ಮೂರು ಜನಕ್ಕೆ ಸುಳ್ಳು ಹೇಳ್ದಂಗಾಗುತ್ತೆ.”

ಚನ್ನರಾಯಪ್ಪನ ಕೈ ಈ ಸಲ ನಿಂತಿತು. ಅವಳು ಎಲ್ಲವನ್ನೂ ಹೇಳಿದಳು. ಸಿಟ್ಟಿನಿಂದ ಮುಂದೆ ಹೋದದ್ದನ್ನು, ಬಂಡೆಯ ಮೇಲೆ ಕಾದದ್ದನ್ನು, ಯಾವುದನ್ನೂ ಬಿಡಲಿಲ್ಲ. ಅಪ್ಪನ ಮುಖ ಕಲ್ಲಾಯಿತು. ಅವರು ಬಾಗಿಲು ದಾಟಿ ಅಂಗಳಕ್ಕೆ ನಡೆದರು. ಶ್ಯಾಮಲಾ ಹಿಂದೆಯೇ ಓಡಿಬಂದು ಹೊಸ್ತಿಲಲ್ಲಿ ನಿಂತಳು.

“ನೀನೇ ಏನು, ಕಡಲಲ್ಲಿ ನನ್ ಮಗಳನ್ನ ಬಿಟ್ಟು ಹೋದವನು?”

“ಹೌದು ಸಾರ್.”

“ನಿನಗೆ ಅವಳು ಬೇಕು ಅಂತೀಯ.”

“ಹೌದು ಸಾರ್.”

“ಇನ್ನೊಂದು ಸಲ ಹಂಗೇ ಆಯ್ತು ಅನ್ಕೋ. ಆಗೇನ್ ಮಾಡ್ತೀಯ?”

ಕದಿರೇಶ ಸುಳ್ಳು ಹುಡುಕಲಿಲ್ಲ. “ಹಂಗೇ ಮಾಡ್ತೀನಿ ಸಾರ್. ಈಜು ಬರ್ದೇ ಇರೋರನ್ನ ಮೊದ್ಲು ದಡ ಸೇರಿಸ್ತೀನಿ. ಆಮೇಲೆ ಇವರ ಹತ್ರ ಹೋಗ್ತೀನಿ.”

ಚನ್ನರಾಯಪ್ಪ ಅವನನ್ನು ದಿಟ್ಟಿಸಿ ನೋಡಿದರು.

“ಅಲ್ಲಿ ತನಕ ಅವಳು ಕಾಯ್ಬೇಕಾ?”

“ಅದನ್ನ ಅವರನ್ನೇ ಕೇಳಿ.”

ಅಪ್ಪ ತಿರುಗಿದರು. ಅವಳು ಅಪ್ಪನನ್ನು ನೋಡಲಿಲ್ಲ, ಅವರ ಹೆಗಲಾಚೆ ನಿಂತಿದ್ದವನನ್ನು ನೋಡಿದಳು.

“ಕಾಯ್ತೀನಿ,” ಎಂದಳು. “ಬಂದ್ಮೇಲೆ ಬೈತೀನಿ.”

ಚನ್ನರಾಯಪ್ಪನ ಮೀಸೆ ಅಲ್ಲಾಡಿತು. ಅದು ನಗುವೋ ನಿಟ್ಟುಸಿರೋ ಗೊತ್ತಾಗಲಿಲ್ಲ.

“ಬೆಳಿಗ್ಗೆ ಮೊದಲ ಬಸ್ಸಿಗೆ ನಾನೇ ಮಾಲೂರಿಗೆ ಹೋಗಿ ಬರ್ತೀನಿ. ಒಳ್ಳೆ ಜನ, ಅವರ ಮುಖ ನೋಡೇ ಹೇಳ್ಬೇಕು,” ಎಂದರು ಹೆಗಲ ಟವಲನ್ನು ಸರಿಮಾಡಿಕೊಳ್ಳುತ್ತ. “ಹುಳು ಹಸ್ಕೊಂಡವೆ. ಅಲ್ಲೇ ನಿಂತಿದ್ರೆ ಆಗಲ್ಲ, ಇಬ್ರೂ ಬಂದು ಸೊಪ್ಪಿಗೆ ಕೈ ಹಾಕಿ.”

ಕದಿರೇಶ ಚಪ್ಪಲಿ ಕಳಚಿ ಅಂಗಳಕ್ಕೆ ಕಾಲಿಟ್ಟ.