ಒಂಬತ್ತನೆಯ ಅಧ್ಯಾಯ

ಶುಕ್ರವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಠಾಣೆಗೆ ದೂರು ಬಂತು. ಅಂಕಣಕಾರರ ಆತ್ಮಕಥೆಯಿಂದ ಒಂದು ಅಧ್ಯಾಯ ಕಳುವಾಗಿತ್ತು. ಹನ್ನೆರಡು ಗಂಟೆಯೊಳಗೆ ಮೇಲಿನಿಂದ ಇನ್‌ಸ್ಪೆಕ್ಟರಿಗೆ ಮೂರು ಫೋನು ಬಂದವು. ಅಧ್ಯಾಯ ಬೇಗ ಸಿಗಲಿ ಎಂದು ಒಬ್ಬರು, ಸಿಗದಿದ್ದರೂ ಚಿಂತೆಯಿಲ್ಲ ಎಂದು ಇನ್ನಿಬ್ಬರು. ಎಲ್ಲರಿಗೂ "ಆಗಲಿ ಸರ್" ಎಂದು ಹೇಳಿ ಅವನು ಎಫ್‌ಐಆರ್ ದಾಖಲಿಸಿದ. ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಬಾಯಿಪಾಠವಾಗಿದ್ದ ಉತ್ತರವೆಂದರೆ ಅದೊಂದೇ.

ಅಂಕಣಕಾರರಿಗೆ ಎಂಬತ್ತು ದಾಟಿತ್ತು. ಐವತ್ತು ವರ್ಷ ಮಂತ್ರಿಗಳ ಊಟದ ಮೇಜಿನಲ್ಲಿ ಕೂತು, ಮರುದಿನ ಅವರ ಬಗ್ಗೆಯೇ ಬರೆದವರು. ಇನ್ನೊಬ್ಬರ ಗುಟ್ಟನ್ನೇ ನಂಬಿ ಬದುಕಿದ ಮನುಷ್ಯ ತನ್ನ ಪುಸ್ತಕದ ಗುಟ್ಟು ಸೋರೀತೆಂದು ನಕಲು ಕೂಡ ಮಾಡಿಸಿರಲಿಲ್ಲ. ತಾವೇ ಟೈಪ್ ಮಾಡಿದ ಒಂದೇ ಪ್ರತಿ, ಬೀಗವಿಲ್ಲದ ಬೀರುವಿನಲ್ಲಿತ್ತು.

"ಮತ್ತೆ ಬರೆಯೋಕಾಗಲ್ವಾ ಸರ್?" ಅವರ ಮನೆಗೆ ಬಂದ ಇನ್‌ಸ್ಪೆಕ್ಟರ್ ಕೇಳಿದ.

"ಮೂವತ್ತು ವರ್ಷದ ಹಿಂದಿನ ಹಗರಣದ ಮಾತು. ಬರೆದಾದ ಮೇಲೆ ಟಿಪ್ಪಣಿಯನ್ನೆಲ್ಲ ಹರಿದುಹಾಕಿದೆ. ಈಗ ಹೆಸರುಗಳೇ ನೆನಪಿಲ್ಲ."

ದೊಡ್ಡವರ ಕೈವಾಡವೇ ಇರಬೇಕೆಂದು ಜೊತೆಗೆ ಬಂದಿದ್ದ ದಫೇದಾರ ಅಲ್ಲೇ ತೀರ್ಪು ಕೊಟ್ಟುಬಿಟ್ಟ. ಇನ್‌ಸ್ಪೆಕ್ಟರ್ ಉಳಿದ ಹಾಳೆಗಳನ್ನು ಒಂದೊಂದಾಗಿ ತಿರುವಿದ. ಕಳುವಾದದ್ದು ನೂರ ಎಪ್ಪತ್ತೊಂದರಿಂದ ನೂರ ತೊಂಬತ್ತೆರಡರವರೆಗಿನ ಇಪ್ಪತ್ತೆರಡು ಹಾಳೆ. ಅಲ್ಲಿಂದ ಮುಂದೆ ಪ್ರತಿ ಪುಟದ ಸಂಖ್ಯೆಯನ್ನೂ ಯಾರೋ ಕೆಂಪು ಶಾಯಿಯಲ್ಲಿ ಹೊಡೆದು ಹೊಸದು ಬರೆದಿದ್ದರು. ಅಲ್ಲಿಗೇ ಬಿಟ್ಟಿದ್ದರೆ ಜಾಣ ಕಳ್ಳ ಎನ್ನಬಹುದಿತ್ತು. ಆದರೆ ಒಂದು ಪುಟದ ನಡುವೆ "ಪುಟ ೨೮೧ ನೋಡಿ" ಎಂದಿದ್ದದ್ದು "ಪುಟ ೨೫೯ ನೋಡಿ" ಎಂದಾಗಿತ್ತು. ಕಳ್ಳತನಕ್ಕೆ ಬಂದವರು ಯಾರೂ ಮುಂದೆ ಓದುವವನಿಗೆ ದಾರಿ ತಪ್ಪದಿರಲಿ ಎಂದು ಕೂತು ಲೆಕ್ಕ ಹಾಕುವುದಿಲ್ಲ.

"ಇದನ್ನ ತಿದ್ದೋರು ಯಾರು ಸರ್?"

ಪತ್ರಿಕೆಯಲ್ಲಿ ಮೂವತ್ತೈದು ವರ್ಷ ಕರಡು ತಿದ್ದಿ ನಿವೃತ್ತಳಾದ ಹೆಂಗಸು. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಕೆಂಪಿಂಕಮ್ಮ. ಮಂಗಳವಾರ, ಗುರುವಾರ ಬಂದು ಹಾಳೆ ತಿದ್ದಿ ಹೋಗುತ್ತಿದ್ದಳು. ಅವಳ ಮೇಲೆ ಅಂಕಣಕಾರರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಶನಿವಾರವೆಲ್ಲ ಹೇಳಿಕೆ ಬರೆದುಕೊಳ್ಳುವುದರಲ್ಲಿ ಕಳೆಯಿತು. ಭಾನುವಾರ ಮೂರು ಹತ್ತಕ್ಕೆ ಇನ್‌ಸ್ಪೆಕ್ಟರ್, ದಫೇದಾರ ಮತ್ತು ಮಹಿಳಾ ಕಾನ್‌ಸ್ಟೇಬಲ್ ಅವಳ ಮನೆಯ ಮೂರನೆಯ ಮಹಡಿ ಹತ್ತಿದರು. ಹಜಾರದಲ್ಲಿ ಇಬ್ಬರು ಮುದುಕರು ಚದುರಂಗ ಆಡುತ್ತಿದ್ದರು. ಒಬ್ಬ ಅವಳ ಗಂಡ, ಇನ್ನೊಬ್ಬ ಗಂಡನ ಹಳೆಯ ಸಹೋದ್ಯೋಗಿ. ಪೊಲೀಸರನ್ನು ಕಂಡು ಗಂಡನ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ಅವಳು ನೇರವಾಗಿ ಅಡುಗೆಮನೆಗೆ ನಡೆದು, ಕಪಾಟಿಗೆ ಹಾಸಿದ್ದ ಹಳೆಯ ಪತ್ರಿಕೆಯ ಅಡಿಯಿಂದ ಹಾಳೆಗಳನ್ನು ತೆಗೆದುಕೊಟ್ಟಳು. ಅವುಗಳನ್ನೂ ತಿದ್ದಿದ್ದಳು.

"ಯಾಕಮ್ಮ?"

"ಇದರಲ್ಲಿರೋ ಕಡತಾನ ಅವತ್ತು ಆಫೀಸಿಂದ ಗುಟ್ಟಾಗಿ ತಂದು ಅಂಕಣಕಾರರಿಗೆ ಕೊಟ್ಟಿದ್ದು ನಮ್ಮ ಮನೆಯವರು. ಆ ತಪ್ಪಿಗೆ ಕೆಲಸ ಹೋಗಿದ್ದು ಹೊರಗೆ ಕೂತಿದ್ದಾರಲ್ಲ, ಅವರದ್ದು."

"ಅವರಿಗೆ ಗೊತ್ತಿಲ್ವಾ?"

"ಗೊತ್ತಿದ್ರೆ ಮೂವತ್ತು ವರ್ಷ ಪ್ರತಿ ಭಾನುವಾರ ಬರ್ತಿದ್ರಾ?"

"ಹೆಸರೊಂದನ್ನ ಹೊಡೆದುಹಾಕಬಹುದಿತ್ತಲ್ಲ?"

"ಹೆಸರು ತೆಗೆದ್ರೂ ಆ ಕೋಣೆ, ಆ ತಾರೀಖು ಎಲ್ಲ ಇದೆ. ಅವರು ಓದಿದ ಕೂಡಲೇ ತಿಳ್ಕೋತಾರೆ."

ಸುಟ್ಟುಬಿಡಬಹುದಿತ್ತು ಎಂಬುದು ಇನ್‌ಸ್ಪೆಕ್ಟರನ ನಾಲಿಗೆಯ ತುದಿಗೆ ಬಂದಿತ್ತು. ಪೊಲೀಸಿನವನು ಆಡುವ ಮಾತಲ್ಲವೆಂದು ನುಂಗಿಕೊಂಡ. ಅವಳೇ ಹೇಳಿದಳು, ಒಲೆಯ ಮುಂದೆ ಎರಡು ಸಲ ನಿಂತಳಂತೆ, ಬರೆದದ್ದನ್ನು ಸುಡಲು ಕೈ ಬರಲಿಲ್ಲವಂತೆ.

ಪಂಚನಾಮೆಗೆ ಇಬ್ಬರು ಸಾಕ್ಷಿಗಳು ಬೇಕಿತ್ತು. ಸಹೋದ್ಯೋಗಿ ಕನ್ನಡಕ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, ತಾನು ರುಜು ಹಾಕುತ್ತೇನೆ, ಆದರೆ ಓದದೆ ಯಾವ ಕಾಗದಕ್ಕೂ ಹಾಕುವವನಲ್ಲ ಎಂದ. ಇನ್‌ಸ್ಪೆಕ್ಟರ್ ಹಾಳೆಗಳ ಮೇಲೆ ಅಂಗೈ ಊರಿದ.

"ನೀವು ಬೇಡ ಯಜಮಾನ್ರೇ. ಮನೆಗೆ ಬೇಕಾದವರು ಸಾಕ್ಷಿ ಆಗೋ ಹಾಗಿಲ್ಲ."

ದಫೇದಾರ ಹುಬ್ಬೇರಿಸಿದ, ಆದರೂ ಕೆಳಗಿನ ಮನೆಯ ದರ್ಜಿಯನ್ನೂ ಅವನ ಹೆಂಡತಿಯನ್ನೂ ಕರೆತಂದ. ಪಂಚನಾಮೆಯಲ್ಲಿ ಬರೆದದ್ದು ಇಷ್ಟೇ: ಟೈಪ್ ಮಾಡಿದ ಹಾಳೆ ಇಪ್ಪತ್ತೆರಡು, ಕೆಂಪು ಶಾಯಿಯ ತಿದ್ದುಪಡಿ ಇದೆ. ಅರಗಿನ ಮುದ್ರೆ ಒತ್ತಿ ನಾಲ್ಕು ಗಂಟೆ ಐದು ನಿಮಿಷಕ್ಕೆ ಅವಳನ್ನು ದಸ್ತಗಿರಿ ಮಾಡಿದರು.

ಬಾಗಿಲಲ್ಲಿ ಸಹೋದ್ಯೋಗಿ ಅಡ್ಡ ನಿಂತ. "ಜಾಮೀನಿಗೆ ನಾನು ಬರ್ತೀನಿ. ತಂಗಿ, ನೀನು ಹೆದರಬೇಡ. ಮಾಡದ ತಪ್ಪು ತಲೆ ಮೇಲೆ ಬಂದ್ರೆ ಹೇಗಿರತ್ತೆ ಅಂತ ನನಗೆ ಗೊತ್ತು."

ಅಷ್ಟು ಹೊತ್ತು ಗಟ್ಟಿಯಾಗಿದ್ದವಳು ಅತ್ತದ್ದು ಆಗಲೇ. ಅವಳ ಗಂಡ ಚದುರಂಗದ ಮಣೆಯಿಂದ ತಲೆ ಎತ್ತಲಿಲ್ಲ.

ಸಂಜೆ ಅಂಕಣಕಾರರು ಫೋನು ಮಾಡಿ ಶಹಬ್ಬಾಸ್ ಎಂದರು. ಆ ಹಾಳೆಗಳು ಕೈಗೆ ಸಿಗುವುದು ಯಾವಾಗ ಎಂದು ಕೇಳಿದರು.

"ಕೋರ್ಟಿಗೆ ಹೋಗತ್ತೆ ಸರ್. ಸಾಕ್ಷ್ಯ ಅಲ್ವಾ."

"ಎಷ್ಟು ದಿನ?"

ಕೇಸ್ ಡೈರಿಯಲ್ಲಿ ಕಾರಣ ಎಂಬ ಕಡೆ ಇನ್‌ಸ್ಪೆಕ್ಟರ್ ಆಗಷ್ಟೇ 'ಮನೆಯ ವಿಷಯ' ಎಂದು ಬರೆದಿದ್ದ. ಮಣೆಯ ಆಚೀಚೆ ಕೂತ ಇಬ್ಬರು ಮುದುಕರು ಕಣ್ಣ ಮುಂದೆ ಬಂದರು. ಇಬ್ಬರಿಗೂ ಎಪ್ಪತ್ತೈದರ ಮೇಲಾಗಿತ್ತು.

"ದಿನ ಅಲ್ಲ ಸರ್, ವರ್ಷಗಟ್ಟಲೆ ಆಗಬಹುದು" ಎಂದ. ಕೋರ್ಟಿನ ತಡವನ್ನು ಇಷ್ಟು ವರ್ಷ ಬೈದುಕೊಂಡೇ ಬಂದಿದ್ದವನಿಗೆ ಅವತ್ತು ಮೊದಲ ಸಲ ಅದರಿಂದ ಸಮಾಧಾನವಾಯಿತು.